ಟೆಕ್ಸಾಸ್‌ನಲ್ಲಿ ಟಿಪ್ ಕೊಡಲೇಬೇಕಾ?
ಡಾಲಸ್‌ಗೆ ಹೊಸದಾಗಿ ಬಂದಿದ್ದೇನೆ, 40 ಡಾಲರ್ ಊಟಕ್ಕೆ 8 ಡಾಲರ್ ಟಿಪ್ ಯಾಕೆ ಅಂತ ಕೇಳಿದ್ದೀರಿ. ದರ್ಶಿನಿಯಲ್ಲಿ ನಿಂತು ತಿಂದು ಬಂದ ನಮಗೆ ಇದು ವಿಚಿತ್ರವೇ, ನಾನೂ ಗೊಣಗಿದವನೇ. ಆದರೆ ಟೆಕ್ಸಾಸ್‌ನಲ್ಲಿ ಸರ್ವರ್‌ಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಟಿಪ್ ಸೇರಿಸಿಯೂ ಗಂಟೆಗೆ 7.25 ಡಾಲರ್, ಅಂದರೆ ಕನಿಷ್ಠ ವೇತನ, ಆಗದಿದ್ದರೆ ಮಾತ್ರ ಉಳಿದದ್ದನ್ನು ಅವನು ತುಂಬಬೇಕು. ಅಂದರೆ ಸಂಬಳದ ಭಾರ ನಮ್ಮ ತಲೆಗೆ! ಅನ್ಯಾಯವೇ, ಆದರೆ ಆ ಸಿಟ್ಟನ್ನು ನೀರು ತುಂಬಿಸುವ ಹುಡುಗಿಯ ಮೇಲೆ ತೀರಿಸಬೇಡಿ. ಕೂತು ತಿಂದರೆ 18-20 ಪರ್ಸೆಂಟ್ ಕೊಡಿ. ದೊಡ್ಡ ಗುಂಪಾದರೆ ಎಷ್ಟೋ ಕಡೆ ಬಿಲ್‌ನಲ್ಲೇ 'ಗ್ರಾಚುಯಿಟಿ' ಅಂತ ಟಿಪ್ ಸೇರಿಸಿರುತ್ತಾರೆ, ನೋಡ್ಕೊಳ್ಳಿ. ನಾನೊಮ್ಮೆ ಸುಮ್ನೆ ಎರಡು ಸಲ ಕೊಟ್ಟು ಬಂದೆ. ಕೌಂಟರ್‌ನಲ್ಲಿ ಕಾಫಿ ತಗೊಂಡಾಗ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿದರೆ ಸಂಕೋಚ ಬೇಡ, 'ನೋ ಟಿಪ್' ಒತ್ತಿ.