ಮಂದ ಬಿಸಿಲಿಗೆ ಯಾವ ಹಳೇ ಗ್ಲೈಡರ್?

ಪ್ರಶ್ನೆ: ಇಂಗ್ಲೆಂಡಿನ ಕ್ಲಬ್ಬೊಂದರಲ್ಲಿ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಹಾರಿಸಲು ಕಲಿತೆ. ಈಗ ಸ್ವಂತಕ್ಕೆ ಹಳೇದೊಂದು ಕೊಳ್ಳುವ ಆಸೆ. ಇಲ್ಲಿ ಮೇಲೇಳುವ ಬಿಸಿಗಾಳಿ ತೀರಾ ಮಂದ. ಮರದ ಕೆಎ-6 ಸಾಕಾ, ಫೈಬರಿನ ಸ್ಟ್ಯಾಂಡರ್ಡ್ ಸಿರಸ್ಸೇ ಬೇಕಾ?

ಉತ್ತರ: ನಾನಾದರೆ ಕೆಎ-6 ಅನ್ನುತ್ತೇನೆ. ಒಂಬತ್ತು ಬೇಸಿಗೆ ಅದರಲ್ಲೇ ಹಾರಿದ್ದೇನೆ. ಗ್ಲೈಡರ್ ಮೇಲೇರುವುದು ಬಿಸಿಗಾಳಿಯ ಕಂಬದೊಳಗೆ ಸುತ್ತು ಹಾಕುತ್ತಾ. ಮಂದ ದಿನದಲ್ಲಿ ಆ ಕಂಬ ಕಿರಿದಾಗಿರುತ್ತದೆ. ರುಡಾಲ್ಫ್ ಕೈಸರ್ ರೂಪಿಸಿದ ಈ 15 ಮೀಟರ್ ರೆಕ್ಕೆಯ ಗ್ಲೈಡರ್ ಹಗುರ. ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ, ಪುಟ್ಟ ಸುತ್ತಿನಲ್ಲಿ, ಆ ಕಂಬದೊಳಗೇ ತಿರುಗುತ್ತದೆ. ಸಿರಸ್‌ಗೆ ವೇಗ ಜಾಸ್ತಿ ಬೇಕು, ಸುತ್ತೂ ಅಗಲ. ಆದರೆ ಎದುರುಗಾಳಿಯಲ್ಲಿ ದೂರ ಹೋಗಬೇಕಾದರೆ ಸಿರಸ್ಸೇ ಮೇಲು, ಅದನ್ನು ಒಪ್ಪುತ್ತೇನೆ.

ಮರದ್ದು ಕೊಳ್ಳುವಾಗ ಮೂಗು ಬಳಸಿ. ನಾನು ಮೊದಲು ನೋಡಿದ ಗ್ಲೈಡರಿಗೆ ಹೊಸ ಬಣ್ಣ, ಪಳಪಳ. ರೆಕ್ಕೆಯ ಬುಡಕ್ಕೆ ಮೂಗಿಟ್ಟರೆ ಮುಗ್ಗಲು ವಾಸನೆ! ಟಾರ್ಚ್ ಬಿಟ್ಟಾಗ ಪ್ಲೈವುಡ್ ಮೇಲೆ ಅಂಗೈಯಗಲ ಕಪ್ಪು ಕಲೆ. ಸೋರುವ ಟ್ರೇಲರಿನಲ್ಲಿ ಚಳಿಗಾಲ ಕಳೆದಿತ್ತು. ಸುಮ್ನೆ ವಾಪಸ್ ಬಂದೆ. ಸಿರಸ್ ಆದರೆ ಜೆಲ್‌ಕೋಟ್, ಅಂದರೆ ಫೈಬರಿನ ಮೇಲಿನ ನುಣುಪು ಲೇಪ, ಬಿರುಕು ಬಿಟ್ಟಿದೆಯಾ ನೋಡಿ, ಅದನ್ನು ಹೊಸದಾಗಿ ಹಾಕಿಸುವ ಖರ್ಚು ವಿಪರೀತ.

ದುಡ್ಡು ಕೊಡುವ ಮುನ್ನ ಪ್ಯಾರಾಚೂಟ್ ಕಟ್ಟಿಕೊಂಡು ಕಾಕ್‌ಪಿಟ್ಟಿನಲ್ಲಿ ಕೂತು ನೋಡಿ. ನಿಮ್ಮ ತೂಕ ಅದರ ಮಿತಿಯೊಳಗಿರಬೇಕು.