ಆಗಿಹೋದದ್ದೋ, ಆಗಲಿಕ್ಕಿರುವುದೋ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಾಸರಗೋಡು ಕಡೆಯಿಂದ ಬಂದ ಪತ್ರಗಳಲ್ಲಿ ಬೈಬಲಿನ ಪ್ರವಾದನೆಗಳ ಕುರಿತಾದ ಐದು ಪ್ರಶ್ನೆಗಳನ್ನು ಆರಿಸಿದ್ದೇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದವುಗಳ ಬೇರು ಅದರಲ್ಲೇ ಇರುವುದರಿಂದ ಅದನ್ನು ಮೊಟಕು ಮಾಡಿಲ್ಲ.

ಪ್ರಶ್ನೆ: ಮತ್ತಾಯ 24ನೇ ಅಧ್ಯಾಯದಲ್ಲಿ ಯುದ್ಧ, ಬರ, ದೇವಾಲಯದ ನಾಶ, ಮನುಷ್ಯಕುಮಾರನು ಮೋಡಗಳ ಮೇಲೆ ಬರುವುದು ಎಲ್ಲ ಹೇಳಿದ ಮೇಲೆ, ಇದೆಲ್ಲ ಆಗುವ ತನಕ ‘ಈ ಸಂತತಿ’ ಅಳಿಯುವುದಿಲ್ಲ ಎಂದಿದೆ. ನಮ್ಮ ಮನೆಯ ಕನ್ನಡ ಬೈಬಲಿನಲ್ಲಿ ‘ಸಂತತಿ’, ಪಕ್ಕದ ಮನೆಯವರ ಮಲಯಾಳ ಬೈಬಲಿನಲ್ಲಿ ‘ತಲಮುರ’. ಒಂದು ಮನೆಕೂಟದಲ್ಲಿ ಮಾತಾಡಿದವರು ಇದೆಲ್ಲ ಕ್ರಿ.ಶ. 70ರಲ್ಲೇ ಆಗಿಹೋಯಿತು ಅಂದರು. ಇಗರ್ಜಿಯಲ್ಲಿ ಆಗಮನ ಕಾಲದಲ್ಲಿ (ಕ್ರಿಸ್ಮಸ್ಸಿಗೆ ಮೊದಲಿನ ವಾರಗಳಲ್ಲಿ) ಇದೇ ಅಧ್ಯಾಯವನ್ನು ಇನ್ನು ಬರಲಿಕ್ಕಿರುವುದರ ಬಗ್ಗೆ ಎಂದು ಓದುತ್ತೇವೆ. ಯಾವುದು ಸರಿ? (ಬೇಳ)

ಉತ್ತರ: ಮೊದಲು ಆ ಎರಡು ಪದಗಳ ಗಂಟು ಬಿಡಿಸೋಣ. ಗ್ರೀಕ್ ಮೂಲದಲ್ಲಿರುವ ಪದ ‘ಗೆನೆಯಾ’. ಅಬ್ರಹಾಮನಿಂದ ದಾವೀದನ ತನಕ ಹದಿನಾಲ್ಕು ಎಂದು ತಲೆಮಾರು ಎಣಿಸುವಾಗ (1:17) ಮತ್ತಾಯನು ಬಳಸುವುದು ಇದನ್ನೇ. ಯೇಸು ಎದುರಿಗೆ ನಿಂತ ಜನರನ್ನು ಗದರಿಸುವಾಗಲೂ (12:41, 23:36) ಇದೇ ಪದ. ಹಾಗಾಗಿ ‘ತಲಮುರ’ ಮೂಲಕ್ಕೆ ಹತ್ತಿರ. ನಮ್ಮ ‘ಸಂತತಿ’ ತಪ್ಪಲ್ಲ, ಆದರೆ ಇವತ್ತಿನ ಮಾತಿನಲ್ಲಿ ಸಂತತಿ ಅಂದರೆ ಮಕ್ಕಳು ಮರಿಮಕ್ಕಳು, ಕುಲ ಎಂದೇ ಕಿವಿಗೆ ಬೀಳುತ್ತದೆ. ಅದರಿಂದ ಕನ್ನಡದಲ್ಲಿ ಓದುವವರಿಗೆ ‘ಯೆಹೂದ್ಯ ಕುಲ ಅಳಿಯುವುದಿಲ್ಲ’ ಎಂಬ ಅರ್ಥ ಸಲೀಸಾಗಿ ಹೊಳೆಯುತ್ತದೆ; ಮಲಯಾಳದಲ್ಲಿ ಓದುವವರಿಗೆ ‘ಆಗ ಬದುಕಿದ್ದವರೆಲ್ಲ ಸಾಯುವ ಮೊದಲೇ’ ಎಂಬ ಅರ್ಥ. ಬೇಲಿಯ ಆಚೆ ಈಚೆ ಎರಡು ಭಾಷೆಯ ಬೈಬಲು ಇರುವ ನಿಮ್ಮ ಊರಿನವರಿಗೆ ಈ ವ್ಯತ್ಯಾಸ ಕಣ್ಣಿಗೆ ಬಿದ್ದದ್ದು ದೊಡ್ಡ ಅನುಕೂಲ. ಒಂದೇ ಅನುವಾದ ಓದುವವರಿಗೆ ಇಲ್ಲೊಂದು ಪ್ರಶ್ನೆ ಇದೆ ಎಂಬುದೇ ಗೊತ್ತಾಗುವುದಿಲ್ಲ.

ಕೂಟದಲ್ಲಿ ನೀವು ಕೇಳಿದ್ದು ‘ಪ್ರೆಟರಿಸ್ಟ್’ ವ್ಯಾಖ್ಯಾನ, ಅಂದರೆ ಪ್ರವಾದನೆ ಈಗಾಗಲೇ ಈಡೇರಿದೆ ಎನ್ನುವವರದ್ದು. ಅವರ ವಾದಕ್ಕೆ ಗಟ್ಟಿ ನೆಲೆ ಇದೆ. ಯೇಸು ಈ ಮಾತು ಹೇಳಿದ್ದು ಸುಮಾರು ಕ್ರಿ.ಶ. 30ರಲ್ಲಿ. 66ರಲ್ಲಿ ಯೆಹೂದ್ಯರು ರೋಮಿನ ವಿರುದ್ಧ ದಂಗೆ ಎದ್ದರು. ಅದೇ ವರ್ಷ ಸಿರಿಯಾದ ಅಧಿಪತಿ ಸೆಸ್ಟಿಯಸ್ ಗ್ಯಾಲಸ್ ದಂಡು ತಂದು ಯೆರೂಸಲೇಮಿಗೆ ಮುತ್ತಿಗೆ ಹಾಕಿ, ಇದ್ದಕ್ಕಿದ್ದಂತೆ ಹಿಂದೆ ಸರಿದ. 70ರಲ್ಲಿ ರೋಮಿನ ಸೇನಾಪತಿ ತೀತನ ಸೈನ್ಯ ನಗರ ಹಿಡಿದು ದೇವಾಲಯ ಸುಟ್ಟಿತು. ನಡುವಿನ ಅಂತರ ನಲ್ವತ್ತು ವರ್ಷ, ಒಂದು ತಲೆಮಾರು. ಮುತ್ತಿಗೆಯನ್ನು ಕಣ್ಣಾರೆ ಕಂಡ ಇತಿಹಾಸಕಾರ ಜೋಸೆಫಸ್ ಕ್ಷಾಮ, ಸುಳ್ಳು ಪ್ರವಾದಿಗಳು, ಒಳಜಗಳ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಯೆರೂಸಲೇಮಿನ ವಿಶ್ವಾಸಿಗಳು ನಗರ ಬಿಟ್ಟು ಯೊರ್ದಾನಿನ ಆಚೆಯ ಪೆಲ್ಲಕ್ಕೆ ಹೋದರೆಂದು ನಾಲ್ಕನೇ ಶತಮಾನದ ಯುಸೇಬಿಯಸ್ ಹೇಳುತ್ತಾನೆ. ಮಾಳಿಗೆಯ ಮೇಲಿದ್ದವನು ಇಳಿಯಬಾರದು, ಯೂದಾಯದಲ್ಲಿರುವವರು ಬೆಟ್ಟಕ್ಕೆ ಓಡಲಿ, ಓಡುವುದು ಚಳಿಗಾಲದಲ್ಲಾಗಲಿ ಸಬ್ಬತ್ತಿನಲ್ಲಾಗಲಿ ಆಗದಿರಲಿ ಎಂಬ ಮಾತುಗಳು ಒಂದು ಊರಿನ, ಒಂದು ಕಾಲದ ಜನರಿಗೆ ಹೇಳಿದ ಎಚ್ಚರಿಕೆಯಂತೆಯೇ ಇವೆ. ಲೋಕವೇ ಮುಗಿಯುವ ದಿನ ಬೆಟ್ಟ ಹತ್ತಿ ಏನು ಪ್ರಯೋಜನ?

‘ಸೂರ್ಯ ಕಪ್ಪಾಗುವುದು, ನಕ್ಷತ್ರ ಬೀಳುವುದು 70ರಲ್ಲಿ ಎಲ್ಲಿ ಆಯಿತು?’ ಎಂದು ಕೇಳಿದರೆ ಅವರು ಯೆಶಾಯ 13:10 ತೋರಿಸುತ್ತಾರೆ. ಅಲ್ಲಿ ಬಾಬೆಲಿನ ಪತನಕ್ಕೆ ಇದೇ ಮಾತಿದೆ. ಯೆಹೆಜ್ಕೇಲ 32:7ರಲ್ಲಿ ಫರೋಹನ ಪತನಕ್ಕೂ ಇದೆ. ಯೆಶಾಯ 19:1ರಲ್ಲಿ ಕರ್ತನು ಮೋಡ ಹತ್ತಿ ಐಗುಪ್ತಕ್ಕೆ ಬರುತ್ತಾನೆ. ಅಲ್ಲಿ ಯಾರೂ ಆಕಾಶದಿಂದ ಇಳಿದಿಲ್ಲ, ರಾಜ್ಯವೊಂದು ಮುರಿದು ಬಿತ್ತು. ದಾನಿಯೇಲ 7:13ನ್ನು ನಿಧಾನವಾಗಿ ಓದಿ: ಮನುಷ್ಯಕುಮಾರನು ಮೋಡಗಳೊಂದಿಗೆ ಹೋಗುವುದು ಮಹಾವೃದ್ಧನ, ಅಂದರೆ ದೇವರ ಸನ್ನಿಧಿಗೆ, ಭೂಮಿಗಲ್ಲ. ಈ ಒಂದು ವಚನವನ್ನು ಸರಿಯಾಗಿ ಓದಿಕೊಳ್ಳದೆ ಮತ್ತಾಯ 24:30ರ ಬಗ್ಗೆ ಯಾರು ಏನು ಹೇಳಿದರೂ ಅರ್ಧ ಮಾತ್ರ.

ಇನ್ನು ಎದುರು ಪಕ್ಷ. ಇದೆಲ್ಲ ಬರಲಿಕ್ಕಿರುವುದು ಎನ್ನುವವರು ‘ಈ ತಲೆಮಾರು’ ಎಂದರೆ ಆ ಗುರುತುಗಳನ್ನು ಕಾಣುವ ಕೊನೆಯ ತಲೆಮಾರು ಎನ್ನುತ್ತಾರೆ. ಈ ಅರ್ಥಕ್ಕೆ ‘ಈ’ ಎಂಬ ಪದ ಒಗ್ಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅವರ ಇನ್ನೊಂದು ವಾದ ಬಲವಾದದ್ದು: 24:31ರಲ್ಲಿ ದೂತರು ನಾಲ್ಕು ದಿಕ್ಕುಗಳಿಂದ ಆರಿಸಲ್ಪಟ್ಟವರನ್ನು ಕೂಡಿಸುತ್ತಾರೆ, 25:31ರಿಂದ ಎಲ್ಲ ಜನಾಂಗಗಳ ನ್ಯಾಯತೀರ್ಪು ಬರುತ್ತದೆ. ಒಂದು ನಗರದ ಪತನಕ್ಕೆ ಇದು ಅಳತೆ ಮೀರಿದ ಮಾತು.

ಮೂರನೆಯವರು ನಡುವಿನವರು. 34ನೇ ವಚನದ ತನಕ ಯೇಸು ‘ಇದೆಲ್ಲ’ ಎನ್ನುತ್ತಾನೆ, 36ರಲ್ಲಿ ‘ಆ ದಿನ’ ಎಂದು ಮಾತು ತಿರುಗುತ್ತದೆ ಎಂದು ಅವರು ತೋರಿಸುತ್ತಾರೆ. ‘ಇದೆಲ್ಲ’ಕ್ಕೆ ಗುರುತುಗಳಿವೆ, ಓಡಿಹೋಗಲು ಸಮಯವಿದೆ. ‘ಆ ದಿನ’ಕ್ಕೆ ಗುರುತೇ ಇಲ್ಲ, ನೋಹನ ಕಾಲದಂತೆ ತಟ್ಟನೆ ಬರುತ್ತದೆ. ಶಿಷ್ಯರು 24:3ರಲ್ಲಿ ಕೇಳಿದ್ದೂ ಒಂದಲ್ಲ: ದೇವಾಲಯ ಯಾವಾಗ ಬೀಳುತ್ತದೆ, ನಿನ್ನ ಬರೋಣಕ್ಕೆ ಗುರುತೇನು? ನಮಗೆ ಹೆಚ್ಚು ಸಮಂಜಸವೆನಿಸುವುದು ಈ ಓದು. ಕಥೋಲಿಕ ಸಭೆ ಆಗಮನ ಕಾಲದ ಮೊದಲ ಭಾನುವಾರ, ಮೂರು ವರ್ಷದ ವಾಚನ ಸರದಿಯ ‘ಎ’ ವರ್ಷದಲ್ಲಿ, ಮತ್ತಾಯ 24:37ರಿಂದ 44ರ ತನಕ ಓದುತ್ತದೆ. ಅದು ‘ಆ ದಿನ’ದ ಭಾಗ. ಹಾಗಾಗಿ ಕೂಟದಲ್ಲಿ ಕೇಳಿದ ಅರ್ಧಕ್ಕೂ ಇಗರ್ಜಿಯಲ್ಲಿ ಕೇಳಿದ ಅರ್ಧಕ್ಕೂ ನೀವು ಅಂದುಕೊಂಡಷ್ಟು ಜಗಳವಿಲ್ಲ.

ಪ್ರಶ್ನೆ: ಕಲ್ಲಿನ ಮೇಲೆ ಕಲ್ಲು ನಿಲ್ಲುವುದಿಲ್ಲ ಎಂದು ಯೇಸು ಹೇಳಿದ. ಆದರೆ ಯೆರೂಸಲೇಮಿನ ಪಶ್ಚಿಮ ಗೋಡೆ ಈಗಲೂ ಇದೆಯಲ್ಲ? (ಕುಂಬಳೆ)

ಉತ್ತರ: ಅದು ದೇವಾಲಯದ ಗೋಡೆಯಲ್ಲ. ಗುಡ್ಡದ ಇಳಿಜಾರಿನಲ್ಲಿ ಅಡಕೆ ತೋಟ ಮಾಡುವಾಗ ಮಣ್ಣು ಜಾರದಂತೆ ಕೆಳಬದಿಗೆ ಕೆಂಪುಕಲ್ಲಿನ ಕಟ್ಟೆ ಕಟ್ಟುತ್ತೇವಲ್ಲ, ಅದೇ ಬಗೆಯ ಗೋಡೆ. ಹೆರೋದನು ಗುಡ್ಡದ ನೆತ್ತಿಯನ್ನು ಸುಮಾರು 35 ಎಕರೆಯ ಸಮತಟ್ಟು ಜಗಲಿಯಾಗಿ ಮಾಡಿದಾಗ ನಾಲ್ಕೂ ಸುತ್ತ ಎಬ್ಬಿಸಿದ ಆಧಾರದ ಗೋಡೆಯ ಒಂದು ಭಾಗ ಅದು. ದೇವಾಲಯವೂ ಅದರ ಮಂಟಪಗಳೂ ಇದ್ದದ್ದು ಆ ಜಗಲಿಯ ಮೇಲೆ, ಅವುಗಳಲ್ಲಿ ಏನೂ ಉಳಿದಿಲ್ಲ. ಜಗಲಿಯ ನೈಋತ್ಯ ಮೂಲೆಯ ಬುಡದಲ್ಲಿ ಅಗೆದಾಗ, ರೋಮನ್ನರು ಮೇಲಿನಿಂದ ಕೆಡವಿದ ಭಾರೀ ಕಲ್ಲುಗಳು ಹಳೆಯ ಬೀದಿಯ ಹಾಸುಗಲ್ಲನ್ನು ಜಜ್ಜಿ ಬಿದ್ದ ಹಾಗೆಯೇ ಸಿಕ್ಕಿವೆ.

ಪ್ರಶ್ನೆ: 666 ಅಂದರೆ ಬಾರ್‌ಕೋಡ್, ಕೈಗೆ ಹಾಕುವ ಚಿಪ್ ಎಂದೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ. ಅದು ನೀರೋ ಚಕ್ರವರ್ತಿ ಎಂದೂ ಕೇಳಿದ್ದೇನೆ. ಲೆಕ್ಕ ಹೇಗೆ? (ಮಂಜೇಶ್ವರ)

ಉತ್ತರ: 666 ಎಂಬುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ (13:18) ಬರುವ ಮೃಗದ ಸಂಖ್ಯೆ, ಅದು ಒಬ್ಬ ಮನುಷ್ಯನ ಸಂಖ್ಯೆ ಎಂದೂ ಅಲ್ಲಿದೆ. ಹೀಬ್ರೂವಿನಲ್ಲಿ ಅಂಕಿಗಳಿಗೆ ಬೇರೆ ಚಿಹ್ನೆ ಇರಲಿಲ್ಲ, ಅಕ್ಷರಗಳೇ ಅಂಕಿ. ‘ನೆರೋನ್ ಕೈಸರ್’ ಎಂಬುದನ್ನು ಸ್ವರಗಳಿಲ್ಲದೆ ಬರೆದರೆ ನೂನ್ 50, ರೇಶ್ 200, ವಾವ್ 6, ನೂನ್ 50, ಸೇರಿ 306. ಮುಂದೆ ಕೋಫ್ 100, ಸಾಮೆಕ್ 60, ರೇಶ್ 200, ಸೇರಿ 360. ಒಟ್ಟು 666. ಲ್ಯಾಟಿನ್ ರೀತಿಯಲ್ಲಿ ‘ನೆರೋ’ ಎಂದು ಕೊನೆಯ ನೂನ್ ಬಿಟ್ಟರೆ 50 ಕಡಿಮೆಯಾಗಿ 616. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪ್ರಕಟನೆಯ ಒಂದು ಪ್ರಾಚೀನ ಪ್ರತಿಯಲ್ಲಿ 666ರ ಬದಲು 616 ಎಂದೇ ಇದೆ. ಎರಡು ಬಗೆಯ ಪ್ರತಿಗೂ ಒಂದೇ ಹೆಸರು ಹೊಂದುವುದು ಈ ವಾದದ ದೊಡ್ಡ ಬಲ.

ತಕರಾರೂ ಇದೆ. ‘ಕೈಸರ್’ ಬರೆಯುವಾಗ ಯೋದ್ ಅಕ್ಷರ ಸೇರಿಸುವುದು ಹೆಚ್ಚು ರೂಢಿ, ಸೇರಿಸಿದರೆ ಲೆಕ್ಕ 676 ಆಗುತ್ತದೆ. ಆದರೆ ಮೃತ ಸಮುದ್ರದ ಬಳಿ ವಾದಿ ಮುರಬ್ಬಾತ್‌ನಲ್ಲಿ ಸಿಕ್ಕಿದ, ನೀರೋ ಕಾಲದ ಒಂದು ಸಾಲಪತ್ರದಲ್ಲಿ ಯೋದ್ ಇಲ್ಲದ ಬರಹವೂ ಇದೆ. ಇನ್ನೂ ದೊಡ್ಡ ತಕರಾರು ಕಾಲದ್ದು. ಎರಡನೇ ಶತಮಾನದ ಬಿಷಪ್ ಐರೇನಿಯಸ್, ಪ್ರಕಟನೆಯ ದರ್ಶನ ದೊಮಿಟಿಯನ್ ಚಕ್ರವರ್ತಿಯ ಆಳ್ವಿಕೆಯ ಕೊನೆಯಲ್ಲಿ, ಅಂದರೆ ಸುಮಾರು 95ರಲ್ಲಿ ಆಯಿತೆನ್ನುತ್ತಾನೆ. ನೀರೋ ಸತ್ತದ್ದು 68ರಲ್ಲಿ. ಐರೇನಿಯಸನು 666ಕ್ಕೆ ಹೊಂದುವ ಹೆಸರುಗಳನ್ನು ಹುಡುಕುವಾಗ ನೀರೋನ ಹೆಸರನ್ನು ಎತ್ತುವುದೂ ಇಲ್ಲ. 70ಕ್ಕಿಂತ ಮೊದಲೇ ಬರೆದದ್ದು ಎನ್ನುವವರು ಪ್ರಕಟನೆ 11:1ರಲ್ಲಿ ದೇವಾಲಯವನ್ನು ಅಳೆಯಲು ಹೇಳಿರುವುದನ್ನೂ, 17:10ರಲ್ಲಿ ‘ಐದು ಅರಸರು ಬಿದ್ದರು, ಒಬ್ಬನಿದ್ದಾನೆ’ ಎಂಬ ಎಣಿಕೆಯನ್ನೂ ಮುಂದಿಡುತ್ತಾರೆ.

ಬಾರ್‌ಕೋಡಿನ ವಿಷಯದಲ್ಲಿ ನೇರವಾಗಿ ಹೇಳುತ್ತೇವೆ: ‘ಬುದ್ಧಿಯುಳ್ಳವನು ಎಣಿಸಲಿ’ ಎಂದು 13:18 ಹೇಳಿದ್ದು ಏಷ್ಯಾ ಸೀಮೆಯ ಏಳು ಸಭೆಗಳಿಗೆ. ಆ ಪತ್ರ ಕೈಯಲ್ಲಿ ಹಿಡಿದ ಎಫೆಸದ ವಿಶ್ವಾಸಿಗೆ ಎಣಿಸಲಾಗದ ಅರ್ಥವನ್ನು ಅದರ ಮೊದಲ ಅರ್ಥ ಎನ್ನಲಾಗದು. ಇಂಗ್ಲಿಷ್ ಅಕ್ಷರಕ್ಕೆ ಎ ಅಂದರೆ 1, ಬಿ ಅಂದರೆ 2 ಎಂದು ಅಂಕಿ ಕೊಟ್ಟು ಕೂಡಿಸುವ ಸಂದೇಶಗಳು ಇಲ್ಲೇ ಎಡವುತ್ತವೆ. ಲೆಕ್ಕದ ನಿಯಮವನ್ನು ಬೇಕಾದಂತೆ ಬದಲಿಸಿದರೆ ಯಾರ ಹೆಸರನ್ನೂ 666ಕ್ಕೆ ತರಬಹುದು.

ಪ್ರಶ್ನೆ: ದಾನಿಯೇಲ 9ರ ಎಪ್ಪತ್ತು ವಾರಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಎಣಿಸುತ್ತಾರೆ. ಎಲ್ಲಿ ವ್ಯತ್ಯಾಸ ಬರುತ್ತದೆ? (ಬದಿಯಡ್ಕ)

ಉತ್ತರ: ಯೆರೂಸಲೇಮನ್ನು ತಿರುಗಿ ಕಟ್ಟುವ ಅಪ್ಪಣೆಯಿಂದ ಅಭಿಷಿಕ್ತನು ಬರುವ ತನಕ 69 ವಾರ, ಆಮೇಲೆ ಕೊನೆಯ ಒಂದು ವಾರ ಎಂಬುದು ಆ ಅಧ್ಯಾಯದ ಮಾತು. ವಾರಕ್ಕೆ ಏಳು ವರ್ಷದಂತೆ ಒಟ್ಟು 490 ವರ್ಷ ಎಂಬಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಜಗಳ ಆರಂಭದ ವರ್ಷದಲ್ಲಿ, ವರ್ಷದ ಉದ್ದದಲ್ಲಿ, ಕೊನೆಯ ವಾರದಲ್ಲಿ.

ಪಾರಸಿಯ ಅರಸ ಅರ್ತಷಸ್ತನ ಏಳನೇ ವರ್ಷದ ಆಜ್ಞೆಯಿಂದ (ಕ್ರಿ.ಪೂ. 457) 69 ವಾರ, ಅಂದರೆ 483 ವರ್ಷ ಎಣಿಸಿದರೆ ಕ್ರಿ.ಶ. 27 ಬರುತ್ತದೆ, ಯೇಸುವಿನ ಸೇವೆಯ ಆರಂಭಕ್ಕೆ ಹತ್ತಿರ. ಇಲ್ಲಿ 26 ಬಂದರೆ ನೀವು ಒಂದನ್ನು ಮರೆತಿದ್ದೀರಿ. ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ. ಇದೇ ಮರೆವು ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳ ಲೆಕ್ಕದಲ್ಲೂ ಇತ್ತು. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಹಿಡಿದು 457ನ್ನು ಕಳೆದು ಮೊದಲು 1843 ಎಂದರು, ಆಮೇಲೆ ತಿದ್ದಿ 1844 ಅಕ್ಟೋಬರ್ 22 ಎಂದರು. ಆ ದಿನ ಕ್ರಿಸ್ತನು ಬರಲಿಲ್ಲ. ಬೆಳೆ ಕೊಯ್ಯದೆ ಕಾದವರೂ ಇದ್ದರು. ಕೂಡಿಸುವುದು ಸರಿಯಾದರೆ ಅರ್ಥವೂ ಸರಿ ಎಂದು ನಂಬಿದ್ದಕ್ಕೆ ಆ ಜನ ತೆತ್ತ ಬೆಲೆ ಅದು.

ನೆಹೆಮೀಯನಿಗೆ ಸಿಕ್ಕಿದ ಅಪ್ಪಣೆಯಿಂದ (ಕ್ರಿ.ಪೂ. 445) ಎಣಿಸುವವರಿಗೆ ಸೂರ್ಯಮಾನದಲ್ಲಿ 483 ವರ್ಷ ಕ್ರಿ.ಶ. 39ಕ್ಕೆ ಮುಟ್ಟುತ್ತದೆ. ಯೇಸುವಿಗೆ ಮರಣದಂಡನೆ ಕೊಟ್ಟ ಪಿಲಾತನ ಅಧಿಕಾರ 36ಕ್ಕೇ ಮುಗಿದಿತ್ತು. ಅದಕ್ಕೆ ಬ್ರಿಟಿಷ್ ಲೇಖಕ ರಾಬರ್ಟ್ ಆಂಡರ್ಸನ್ ವರ್ಷಕ್ಕೆ 360 ದಿನ ಹಿಡಿದು 483ನ್ನು 360ರಿಂದ ಗುಣಿಸಿ 1,73,880 ದಿನ ಮಾಡಿ, ಕ್ರಿ.ಶ. 32ಕ್ಕೆ ತಂದ. ಎಪ್ಪತ್ತನೇ ವಾರ ಮಾತ್ರ ಕಡಿದು ಬೇರೆಯಾಗಿ ಲೋಕಾಂತ್ಯಕ್ಕೆ ಉಳಿದಿದೆ ಎಂದ. ನಮ್ಮ ಕಡೆಯ ಹಲವು ಪ್ರಾರ್ಥನಾಕೂಟಗಳಲ್ಲಿ ಕೇಳುವ ‘ಏಳು ವರ್ಷದ ಮಹಾಸಂಕಟ’ ಈ ಬಿಡಿ ವಾರದಿಂದಲೇ ಬಂದದ್ದು. 19ನೇ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿಯ ಬೋಧನೆಯಿಂದ, 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಿಂದ ಇದು ಊರೂರಿಗೆ ಹರಡಿತು. 69 ಮತ್ತು 70ರ ನಡುವೆ ಎರಡು ಸಾವಿರ ವರ್ಷದ ಬಿರುಕು ಇದೆ ಎಂದು ವಚನದಲ್ಲಿ ಬರೆದಿಲ್ಲ.

ಪ್ರೆಟರಿಸ್ಟರಿಗೆ ಬಿರುಕು ಬೇಡ, ಆದರೆ ಕ್ರಿ.ಶ. 70 ಅವರ 490ರೊಳಗೆ ಕೂರುವುದಿಲ್ಲ. ನಾಶದ ತೀರ್ಪು ವಾರದೊಳಗೆ ಆಯಿತು, ಜಾರಿ ಆಮೇಲೆ ಎನ್ನಬೇಕಾಗುತ್ತದೆ. ಕ್ರಿ.ಪೂ. 167ರಲ್ಲಿ ಸಿರಿಯಾದ ಅರಸ ನಾಲ್ಕನೇ ಅಂತಿಯೋಕನು ದೇವಾಲಯವನ್ನು ಹೊಲೆಮಾಡಿದ್ದೇ ಇದರ ಅರ್ಥ ಎನ್ನುವ ವಿದ್ವಾಂಸರಿದ್ದಾರೆ. 1 ಮಕ್ಕಬಿಯರು 1:54 ಅವರ ಆಧಾರ. ಅವರಿಗೂ 490 ವರ್ಷ ಪೂರ್ತಿ ಸಿಗುವುದಿಲ್ಲ.

ಪ್ರಶ್ನೆ: ಎಲ್ಲವೂ 70ರಲ್ಲಿ ಮುಗಿದಿದ್ದರೆ ಸತ್ತವರ ಪುನರುತ್ಥಾನವೂ ಆಗಿಹೋಯಿತೇ? ಯುವಜನರ ಧರ್ಮೋಪದೇಶ ತರಗತಿಯಲ್ಲಿ ಇದನ್ನು ಹೇಗೆ ಕಲಿಸಲಿ? (ವರ್ಕಾಡಿ)

ಉತ್ತರ: ಇಲ್ಲ. ಎರಡನೆಯ ಬರೋಣ, ಪುನರುತ್ಥಾನ, ಕೊನೆಯ ತೀರ್ಪು ಎಲ್ಲವೂ ಮುಗಿಯಿತು ಎನ್ನುವ ಪೂರ್ಣ ಪ್ರೆಟರಿಸಂ ಒಂದಿದೆ. ಅದನ್ನು ಮೇಲೆ ಹೇಳಿದ ನಡುವಿನ ಓದಿನೊಂದಿಗೆ ಬೆರೆಸಬೇಡಿ. ಕೂಟಗಳಲ್ಲಿ ಗೊಂದಲ ಹುಟ್ಟುವುದು ಈ ಎರಡಕ್ಕೂ ಒಂದೇ ಹೆಸರು ಹಚ್ಚುವುದರಿಂದ. ಪುನರುತ್ಥಾನ ಆಗಿಹೋಯಿತೆಂದ ಹುಮೆನಾಯ, ಫಿಲೇತ ಎಂಬವರು ಸತ್ಯದಿಂದ ತಪ್ಪಿದರೆಂದು ಪೌಲನು 2 ತಿಮೊಥೆಯ 2:17–18ರಲ್ಲಿ ಬರೆದಿದ್ದಾನೆ. ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸಲು ತಿರುಗಿ ಬರುವನು ಎಂದು ಕಥೋಲಿಕರೂ ಸಿ.ಎಸ್.ಐ.ಯವರೂ ಸಿರಿಯನ್ ಸಭೆಗಳವರೂ ಒಂದೇ ನೈಸಿಯಾ ವಿಶ್ವಾಸಪ್ರಮಾಣದಲ್ಲಿ ಹೇಳುತ್ತಾರೆ. ಕಥೋಲಿಕ ಕ್ಯಾಟೆಕಿಸಂನ (ಧರ್ಮೋಪದೇಶ ಗ್ರಂಥದ) 675ನೇ ಪರಿಚ್ಛೇದವೂ ಸಭೆಗೆ ಕೊನೆಯ ಶೋಧನೆಯೊಂದು ಇನ್ನೂ ಇದೆ ಎನ್ನುತ್ತದೆ.

ತರಗತಿಗೆ ಒಂದು ವಿಧಾನ ಹೇಳುತ್ತೇವೆ. ಒಂದು ದೊಡ್ಡ ಹಾಳೆಯನ್ನು ಅಡ್ಡ ಹಿಡಿದು ಮೂರು ಅಂಕಣ ಗೀಚಿ. ಮತ್ತಾಯ 24, ಮಾರ್ಕ 13, ಲೂಕ 21ನ್ನು ಅಕ್ಕಪಕ್ಕ ಬರೆಯಿಸಿ, ಮುದ್ರಿಸಿ ಹಂಚಬೇಡಿ. ಕೈಯಲ್ಲಿ ಬರೆಯುವಾಗಲೇ ವ್ಯತ್ಯಾಸ ಕಾಣುತ್ತದೆ: ಮತ್ತಾಯ, ಮಾರ್ಕರಲ್ಲಿ ‘ಹಾಳುಮಾಡುವ ಅಸಹ್ಯ ವಸ್ತು’ ಇರುವ ಜಾಗದಲ್ಲಿ ಲೂಕನು (21:20) ‘ದಂಡುಗಳು ಯೆರೂಸಲೇಮನ್ನು ಸುತ್ತಿಕೊಂಡಾಗ’ ಎಂದು ಬಿಡಿಸಿ ಹೇಳಿದ್ದಾನೆ. ಆಮೇಲೆ ಊರಿಗೆ ಸೇರಿದ ಮಾತುಗಳಿಗೆ, ಅಂದರೆ ಯೂದಾಯ, ಮಾಳಿಗೆ, ಸಬ್ಬತ್ತಿಗೆ ನೀಲಿ ಗೆರೆ ಎಳೆಯಿಸಿ, ಲೋಕಕ್ಕೆಲ್ಲ ಸೇರಿದ ಮಾತಿಗೆ ಕೆಂಪು. ಮತ್ತಾಯ 24:14ರ ‘ಲೋಕವೆಲ್ಲ’ ಎಂಬಲ್ಲಿ ಮಕ್ಕಳು ತಕ್ಷಣ ಕೆಂಪು ಎಳೆಯುತ್ತಾರೆ. ಆಗ ಲೂಕ 2:1 ತೆಗೆಸಿ. ಔಗುಸ್ತ ಕೈಸರನು ಜನಗಣತಿಗೆ ಅಪ್ಪಣೆ ಮಾಡಿದಲ್ಲಿರುವುದೂ ಅದೇ ‘ಒಯ್ಕುಮೆನೆ’ ಎಂಬ ಗ್ರೀಕ್ ಪದ, ಅಲ್ಲಿ ಅದರ ಅರ್ಥ ರೋಮ್ ಸಾಮ್ರಾಜ್ಯ. ಕೆಂಪು ಉಳಿಯಬೇಕೋ ನೀಲಿ ಆಗಬೇಕೋ ಎಂದು ಅವರೇ ಮಾತಾಡಿಕೊಳ್ಳಲಿ. ಲೂಕ 21:24ಕ್ಕೆ ಮಾತ್ರ ಅವಸರ ಮಾಡಿಸಬೇಡಿ. ‘ಅನ್ಯಜನಾಂಗಗಳ ಸಮಯ ಮುಗಿಯುವ ತನಕ’ ಎಂಬ ಆ ಸಾಲು 70ರಿಂದ ಹೊರಟು ನಮ್ಮ ಕಾಲವನ್ನೂ ದಾಟಿ ಹೋಗುವಂತಿದೆ, ಅದರ ಅಡಿ ಎರಡೂ ಬಣ್ಣದ ಗೆರೆ ಎಳೆಯಬಹುದು.