ಸ್ಪಾರ್ಸ್ ಕೇಳುವ ಪ್ರಶ್ನೆಗೆ ಉತ್ತರ ಕೊಡಿ, ಬಾಯಿ ಮುಚ್ಚಿಸಬೇಡಿ

ಪ್ರಶ್ನೆ: ಲಿನಕ್ಸ್ ಕರ್ನಲ್‌ನ ಒಂದು ನೆಟ್‌ವರ್ಕ್ ಡ್ರೈವರ್‌ನ ಹೊಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಸೆಟ್ಟಿಂಗ್‌ಗಳ ಸ್ಟ್ರಕ್ಚರನ್ನು ತೋರಿಸುವ ಪಾಯಿಂಟರ್‌ಗೆ ಹಿಂದಿನವರು ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಗುರುತು ಹಾಕಿದ್ದಾರೆ. ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಸ್ಪಾರ್ಸ್ ಎಂಬ ಪ್ರೋಗ್ರಾಂ ಓಡಿಸಿದರೆ 11 ಕಡೆ ‘ಅಡ್ರೆಸ್ ಸ್ಪೇಸ್ ಬೇರೆ ಬೇರೆ’ ಎಂಬ ಎಚ್ಚರಿಕೆ ಬರುತ್ತದೆ. ಕಂಪೈಲರ್‌ಗೆ ಯಾವ ತಕರಾರೂ ಇಲ್ಲ, ಡ್ರೈವರ್ ತಿಂಗಳುಗಳಿಂದ ಓಡುತ್ತಿದೆ. ಟೈಪ್ ಬದಲಾವಣೆಯನ್ನು ಬಲವಂತವಾಗಿ ಒಪ್ಪಿಸುವ ‘ಫೋರ್ಸ್’ ಕಾಸ್ಟ್ ಹಾಕಿ ಎಚ್ಚರಿಕೆಗಳನ್ನು ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಆ 11 ಸಾಲುಗಳೇ ಈಗ ನಿಮಗಿರುವ ದಾರಿದೀಪ.

ಆರ್‌ಸಿಯು 2002ರಲ್ಲಿ ಕರ್ನಲ್ ಸೇರಿತು. ಅದರಲ್ಲಿ ಓದುವ ಕೋಡ್ ಲಾಕ್ ಹಿಡಿಯುವುದಿಲ್ಲ. ‘ಓದಲು ಶುರುಮಾಡಿದೆ, ಮುಗಿಸಿದೆ’ ಎಂದು ಗುರುತಿಸಿಕೊಳ್ಳುತ್ತದೆ, ಅಷ್ಟೇ. ಬದಲಿಸುವ ಕೋಡ್ ಹೊಸ ಪ್ರತಿಯೊಂದನ್ನು ಸಿದ್ಧಪಡಿಸಿ ಪಾಯಿಂಟರನ್ನು ಅದರ ಕಡೆಗೆ ತಿರುಗಿಸುತ್ತದೆ. ಅಷ್ಟರಲ್ಲಾಗಲೇ ಓದುತ್ತಿದ್ದವರೆಲ್ಲ ಮುಗಿಸುವವರೆಗೆ ಕಾದು, ಆಮೇಲೆ ಹಳೆಯ ಮೆಮೊರಿಯನ್ನು ಬಿಡುಗಡೆ ಮಾಡುತ್ತದೆ. ಈ ಒಪ್ಪಂದ ಸಿ ಭಾಷೆಗೆ ತಿಳಿಯದು. ಅದರ ಕಣ್ಣಿಗೆ ಇದೂ ಎಲ್ಲ ಪಾಯಿಂಟರ್‌ಗಳಂತೆ ಒಂದು ಪಾಯಿಂಟರ್. ಆದ್ದರಿಂದಲೇ ಒಪ್ಪಂದವನ್ನು ಟೈಪ್‌ನಲ್ಲೇ ಬರೆದಿಡುವ ಗುರುತು ಬಂತು. ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ಆರಂಭಿಸಿದ ಸ್ಪಾರ್ಸ್ ಆ ಗುರುತನ್ನು ಕಂಡರೆ ‘ಇದು ಬೇರೆ ಅಡ್ರೆಸ್ ಸ್ಪೇಸ್‌ನದು, ನೇರವಾಗಿ ಇದರ ಮೂಲಕ ಓದಬಾರದು’ ಎಂದು ತಿಳಿಯುತ್ತದೆ. ಕೋಡ್ ತಯಾರಿಸುವ ಕಂಪೈಲರ್ ಈ ತಪಾಸಣೆ ಮಾಡುವುದೇ ಇಲ್ಲ. ಹಾಗಾಗಿ ಅದರ ಮೌನವನ್ನು ಒಪ್ಪಿಗೆ ಎಂದುಕೊಳ್ಳುವಂತಿಲ್ಲ.

ಸ್ಪಾರ್ಸ್‌ನ ಎಚ್ಚರಿಕೆಯನ್ನು ನಾನು ಒಂದು ಪ್ರಶ್ನೆಯಾಗಿ ಓದುತ್ತೇನೆ: ಯಾವ ಹಕ್ಕಿನಿಂದ ಈ ಪಾಯಿಂಟರನ್ನು ಮುಟ್ಟುತ್ತಿದ್ದೀರಿ? ಪ್ರತಿ ಸಾಲಿನಲ್ಲೂ ಇದಕ್ಕೆ ಉತ್ತರ ಹುಡುಕಿ. ‘ಶುರುಮಾಡಿದೆ’, ‘ಮುಗಿಸಿದೆ’ಗಳ ನಡುವಿನ ಓದುವ ವಿಭಾಗದ ಒಳಗಿದ್ದರೆ ‘ಆರ್‌ಸಿಯು ಡಿರೆಫರೆನ್ಸ್’ ಬಳಸಿ. ಸೆಟ್ಟಿಂಗ್ ಬದಲಿಸುವಾಗ ಹಿಡಿಯುವ ಲಾಕ್ ನಿಮ್ಮ ಕೈಯಲ್ಲೇ ಇದ್ದರೆ ಅದರ ‘ಪ್ರೊಟೆಕ್ಟೆಡ್’ ರೂಪ ಸಾಕು. ಎರಡನೆಯ ಆರ್ಗ್ಯುಮೆಂಟ್ ಆಗಿ ‘ಈ ಲಾಕ್ ಹಿಡಿದಿದೆ’ ಎಂಬ ಲಾಕ್‌ಡೆಪ್ (ಕರ್ನಲ್‌ನ ಲಾಕ್ ತಪಾಸಕ) ಷರತ್ತನ್ನು ಕೊಡಿ. ಅಲ್ಲಿ ಬರೀ 1 ಎಂದು ಬರೆದು ಮುಂದೆ ಹೋಗುವ ಅಭ್ಯಾಸ ಬಹಳ ಕಡೆ ಕಾಣುತ್ತದೆ. ಆ ಸ್ಟ್ರಕ್ಚರ್ ಇನ್ನೂ ಯಾರ ಕೈಗೂ ಸಿಗದ ಆರಂಭದಲ್ಲಿ, ಅಥವಾ ಎಲ್ಲರೂ ಬಿಟ್ಟುಹೋದ ಕೊನೆಯಲ್ಲಿ ಮಾತ್ರ ಅದು ಸರಿ. ಬೇರೆಡೆ ಅದು ಫೋರ್ಸ್ ಕಾಸ್ಟ್‌ನ ಇನ್ನೊಂದು ವೇಷ. ಹೊಸ ಪ್ರತಿಯನ್ನು ಪ್ರಕಟಿಸಲು ‘ಆರ್‌ಸಿಯು ಅಸೈನ್ ಪಾಯಿಂಟರ್’ ಬೇಕು. ಸ್ಟ್ರಕ್ಚರ್‌ನ ಒಳಗಿನ ಮೌಲ್ಯಗಳು ಮೊದಲು, ಪಾಯಿಂಟರ್ ಆಮೇಲೆ ಎಂಬ ಕ್ರಮವನ್ನು ಪ್ರೊಸೆಸರ್ ಮತ್ತು ಕಂಪೈಲರ್ ಎರಡೂ ಪಾಲಿಸುವಂತೆ ಮಾಡುವುದು ಅದೇ.

ಪಾಯಿಂಟರ್ ‘ನಲ್’ (ಏನನ್ನೂ ತೋರಿಸದ ಖಾಲಿ ಪಾಯಿಂಟರ್) ಹೌದೋ ಅಲ್ಲವೋ ಎಂದಷ್ಟೇ ನೋಡುವ ಸಾಲುಗಳಿಗೆ ‘ಆರ್‌ಸಿಯು ಆಕ್ಸೆಸ್ ಪಾಯಿಂಟರ್’ ಇದೆ. ಆದರೆ ಅದರ ಮುಂದಿನ ಸಾಲನ್ನು ಎಚ್ಚರದಿಂದ ಓದಿ. ಪಾಯಿಂಟರ್ ನಲ್ ಅಲ್ಲ ಎಂದು ಮೊದಲು ನೋಡಿ, ನಂತರ ಅದೇ ಪಾಯಿಂಟರನ್ನು ಎರಡನೆಯ ಸಲ ಓದಿ ಬಳಸುವ ಕೋಡ್ ಇದ್ದರೆ, ಆ ಎರಡು ಸಾಲುಗಳ ನಡುವೆ ಇನ್ನೊಂದು ಪ್ರೊಸೆಸರ್ ಅದನ್ನು ನಲ್ ಮಾಡಿರಬಹುದು. ಒಮ್ಮೆ ಓದಿ, ಸ್ಥಳೀಯ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಅದನ್ನೇ ಪರೀಕ್ಷಿಸಿ, ಅದನ್ನೇ ಬಳಸಿ. ಆ ಸ್ಥಳೀಯ ವೇರಿಯಬಲ್‌ಗೆ ಆರ್‌ಸಿಯು ಗುರುತು ಬೇಡ. ಗುರುತು ಎಲ್ಲರೂ ಹಂಚಿಕೊಳ್ಳುವ ಪಾಯಿಂಟರ್‌ಗೆ ಮಾತ್ರ. 11 ಎಚ್ಚರಿಕೆಗಳಲ್ಲಿ ಕೆಲವು ಬರೀ ಗುರುತು ತಪ್ಪು ಜಾಗದಲ್ಲಿ ಇರುವುದರಿಂದ ಬಂದಿರಲೂಬಹುದು. ಘೋಷಣೆಯಲ್ಲಿ ಅದು ನಕ್ಷತ್ರ ಚಿಹ್ನೆಯ ಮೊದಲೇ ಬರಬೇಕು. ನಂತರ ಬಂದರೆ ಪಾಯಿಂಟರ್ ತೋರಿಸುವ ವಸ್ತುವಿಗೆ ಬದಲಾಗಿ ಪಾಯಿಂಟರ್‌ಗೇ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಎಚ್ಚರಿಕೆಗಳೆಲ್ಲ ಹೋದ ಮೇಲೆ ಕೋಡ್ ಸುರಕ್ಷಿತ ಎಂದು ನಂಬಬಹುದೇ?

ಉತ್ತರ: ನಂಬಲಾಗದು. ಸ್ಪಾರ್ಸ್ ನೋಡುವುದು ಸರಿಯಾದ ಬಾಗಿಲಿನಿಂದ ಒಳಗೆ ಬಂದಿರೋ ಎಂಬುದನ್ನು. ಎಷ್ಟು ಹೊತ್ತು ಒಳಗಿದ್ದಿರಿ, ಏನನ್ನು ಹೊರಗೆ ಒಯ್ದಿರಿ ಎಂಬುದನ್ನಲ್ಲ. ‘ಆರ್‌ಸಿಯು ಡಿರೆಫರೆನ್ಸ್’ ಮುಗಿದ ಕೂಡಲೇ ಗುರುತು ಕಳಚಿಬೀಳುತ್ತದೆ, ಕೈಗೆ ಬರುವುದು ಸಾದಾ ಪಾಯಿಂಟರ್.

ಒಂದು ಪುಟ್ಟ ಫಂಕ್ಷನ್ ನೋಡಿ. ಮೊದಲ ಸಾಲಿನಲ್ಲಿ ಓದುವ ವಿಭಾಗ ತೆರೆಯುತ್ತದೆ. ಎರಡನೆಯ ಸಾಲು ಸೆಟ್ಟಿಂಗ್ ಪಾಯಿಂಟರನ್ನು ಸರಿಯಾದ ಮ್ಯಾಕ್ರೋ ಬಳಸಿಯೇ ಪಡೆಯುತ್ತದೆ. ಮೂರನೆಯದು ವಿಭಾಗವನ್ನು ಮುಚ್ಚುತ್ತದೆ, ನಾಲ್ಕನೆಯದು ಪಾಯಿಂಟರನ್ನು ಕರೆದವರಿಗೆ ಹಿಂತಿರುಗಿಸುತ್ತದೆ. ಓದಲು ಎಷ್ಟು ಅಚ್ಚುಕಟ್ಟು! ಸ್ಪಾರ್ಸ್ ಸುಮ್ಮನಿರುತ್ತದೆ. ಓಡುವಾಗ ತಪಾಸಣೆ ಮಾಡುವ ಲಾಕ್‌ಡೆಪ್ ಕೂಡ ಸುಮ್ಮನಿರುತ್ತದೆ, ಏಕೆಂದರೆ ಮ್ಯಾಕ್ರೋ ನಡೆದ ಗಳಿಗೆಯಲ್ಲಿ ವಿಭಾಗ ತೆರೆದೇ ಇತ್ತು. ಆದರೆ ಮೂರನೆಯ ಸಾಲು ಮುಗಿದ ಮೇಲೆ ಆ ಮೆಮೊರಿ ಯಾವ ಕ್ಷಣದಲ್ಲಾದರೂ ಬಿಡುಗಡೆಯಾಗಬಹುದು. ಕರೆದವರ ಕೈಯಲ್ಲಿ ಉಳಿಯುವುದು ಬಿಟ್ಟುಹೋದ ಮನೆಯ ವಿಳಾಸ. ಇಂಥದ್ದೇ ಫಂಕ್ಷನ್ ಇದ್ದ ಪ್ಯಾಚ್ ಒಂದನ್ನು ನಾನು ಪರಿಶೀಲಿಸಿ ಒಪ್ಪಿದ್ದೆ. ತಪಾಸಣೆಯಲ್ಲಿ ಒಂದೂ ಎಚ್ಚರಿಕೆ ಇಲ್ಲದ್ದನ್ನು ನೋಡಿ ಸಮಾಧಾನಪಟ್ಟಿದ್ದೆ. ಸಾಧನವನ್ನು ಕಳಚಿ ಮತ್ತೆ ಜೋಡಿಸಿ ಮಾಡುತ್ತಿದ್ದ ಬೇರೊಬ್ಬರ ಪರೀಕ್ಷೆಯಲ್ಲಿ ಅದು ಕುಸಿದಾಗಲೇ ತಪ್ಪು ಕಂಡಿತು. ಅಂದಿನಿಂದ ಆರ್‌ಸಿಯು ಪಾಯಿಂಟರ್ ಹಿಂತಿರುಗಿಸುವ ಫಂಕ್ಷನ್ ಕಂಡರೆ ಮೊದಲು ಅದನ್ನು ಕರೆಯುವವರನ್ನೆಲ್ಲ ತೆರೆದು ನೋಡುತ್ತೇನೆ.

ಪರಿಹಾರ ಎರಡು ಬಗೆಯದು. ಬೇಕಾದ ಮೌಲ್ಯವನ್ನು ವಿಭಾಗದ ಒಳಗೇ ನಕಲು ಮಾಡಿಕೊಳ್ಳುವುದು ಸರಳ, ಸಾಧ್ಯವಾದಲ್ಲೆಲ್ಲ ಅದನ್ನೇ ಮಾಡಿ. ವಸ್ತುವೇ ಹೊರಗೆ ಬೇಕಿದ್ದರೆ ವಿಭಾಗ ಮುಚ್ಚುವ ಮೊದಲು ಅದರ ರೆಫರೆನ್ಸ್ ಎಣಿಕೆಯನ್ನು (ಎಷ್ಟು ಕಡೆ ಅದು ಬಳಕೆಯಲ್ಲಿದೆ ಎಂಬ ಲೆಕ್ಕವನ್ನು) ಏರಿಸಬೇಕು, ಅದೂ ‘ಸೊನ್ನೆಯಲ್ಲದಿದ್ದರೆ ಮಾತ್ರ ಏರಿಸು’ ಎಂಬ ರೂಪದಲ್ಲಿ. ಎಣಿಕೆ ಆಗಲೇ ಸೊನ್ನೆ ಮುಟ್ಟಿದ್ದರೆ ಆ ವಸ್ತು ಹೊರಡುವ ದಾರಿಯಲ್ಲಿದೆ, ಅದನ್ನು ಹಿಡಿದು ನಿಲ್ಲಿಸಲಾಗದು. ಪರೀಕ್ಷೆಯ ಕರ್ನಲ್‌ನಲ್ಲಿ ‘ಪ್ರೂವ್ ಆರ್‌ಸಿಯು’ ಮತ್ತು ಕೆಸಾನ್ ಎಂಬ ಎರಡೂ ತಪಾಸಣೆಗಳನ್ನು ಚಾಲೂ ಇಡಿ. ಮೊದಲನೆಯದು ಇಲ್ಲದಿದ್ದರೆ ನೀವು ಬರೆದ ಲಾಕ್‌ಡೆಪ್ ಷರತ್ತುಗಳನ್ನು ಯಾರೂ ಪರೀಕ್ಷಿಸುವುದೇ ಇಲ್ಲ. ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದ ಕ್ಷಣದಲ್ಲೇ ಹಿಡಿಯುವುದು ಎರಡನೆಯದು, ಆದರೆ ಆ ಕ್ಷಣ ಪರೀಕ್ಷೆಯಲ್ಲಿ ಒದಗಿಬರಬೇಕು.

ಪ್ರಶ್ನೆ: ನಿನ್ನೆ ಬಂದ ಎಚ್ಚರಿಕೆ ಇಂದು ಏನೂ ಬದಲಿಸದೆ ಮಾಯವಾಗಿದೆ. ಏಕೆ?

ಉತ್ತರ: ಬಹುಶಃ ನೀವು ಕರ್ನಲ್ ಕಟ್ಟುವ ‘ಮೇಕ್’ ಆದೇಶಕ್ಕೆ ಸಿ=1 ಕೊಟ್ಟಿದ್ದೀರಿ. ಆಗ ಮತ್ತೆ ಕಂಪೈಲ್ ಆಗುವ ಫೈಲ್‌ಗಳನ್ನಷ್ಟೇ ಸ್ಪಾರ್ಸ್ ನೋಡುತ್ತದೆ. ಎಲ್ಲವನ್ನೂ ನೋಡಬೇಕಿದ್ದರೆ ಸಿ=2 ಕೊಡಿ, ಜೊತೆಗೆ ನಿಮ್ಮ ಡ್ರೈವರ್‌ನ ಡೈರೆಕ್ಟರಿಯ ಹೆಸರನ್ನೂ ಹೇಳಿ; ಇಲ್ಲದಿದ್ದರೆ ಇಡೀ ಕರ್ನಲ್‌ನ ಎಚ್ಚರಿಕೆಗಳ ನಡುವೆ ನಿಮ್ಮ 11 ಸಾಲುಗಳನ್ನು ಹುಡುಕಬೇಕಾಗುತ್ತದೆ.